ಎರಡು ಪಾಲು ನೀರು ಕುಡಿದ ಸಂಪಿಗೆ

ಮೈಸೂರಿನಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅರಸೀಕೆರೆ ಬರುವಷ್ಟರಲ್ಲಿ ಅದನ್ನು ಯಾರಿಗೋ ಬಿಟ್ಟುಕೊಟ್ಟು ಬಾಗಿಲ ಬಳಿ ನಿಂತಿದ್ದೆ. ಔದಾರ್ಯವೇನಲ್ಲ, ಒಂದು ಕಡೆ ಕೂರುವುದು ನನ್ನಿಂದಾಗದು. ಒಂಬತ್ತನೇ ವಯಸ್ಸಿನಿಂದ ಮೂವತ್ತನಾಲ್ಕರವರೆಗೆ ಒಂದು ಮಠದಲ್ಲಿ ಮರಿಯಾಗಿ, ಅಂದರೆ ಮುಂದಿನ ಸ್ವಾಮಿಯಾಗಬೇಕಾದವನಾಗಿ, ಕೂತು ಕೂತೇ ಬೆಳೆದವನು ನಾನು. ಸ್ವಾಮಿಗಳು ಓಡಬಾರದು, ಮರ ಹತ್ತಬಾರದು, ಸಿಳ್ಳೆ ಹಾಕಬಾರದು. ಭಕ್ತರು ಕಾಲಿಗೆ ಬೀಳುವಾಗ ಕಾಲನ್ನು ಅಲ್ಲಾಡಿಸಲೂ ಬಾರದು. ಆ ಬಾಕಿಯನ್ನೆಲ್ಲ ಈಗ ತೀರಿಸಿಕೊಳ್ಳುತ್ತಿದ್ದೇನೆ.

ಮಠ ಬಿಟ್ಟು ಹನ್ನೊಂದು ವರ್ಷವಾಯಿತು. ಜಗಳವಾಡಿ ಬಿಟ್ಟವನಲ್ಲ. ನಾನು ಹೇಳುತ್ತಿದ್ದ ಮಂತ್ರವನ್ನು ನಾನೇ ನಂಬುತ್ತಿಲ್ಲ ಎಂದು ಒಂದು ದಿನ ಸ್ಪಷ್ಟವಾಯಿತು, ಬಿಟ್ಟೆ. ಈಗ ಮೈಸೂರಿನ ಹೊರಗೆ ಒಂದು ನರ್ಸರಿಯಲ್ಲಿ ಕಸಿ ಕಟ್ಟುತ್ತೇನೆ, ರಜಾ ಸಿಕ್ಕರೆ ಹಕ್ಕಿ ನೋಡಲು ಹೋಗುತ್ತೇನೆ. ಬಿಟ್ಟಾಗ ಎರಡು ನಿಯಮ ಮಾಡಿಕೊಂಡಿದ್ದೆ. ನನ್ನ ಕಾಲಿಗೆ ಯಾರನ್ನೂ ಬೀಳಗೊಡಬಾರದು, ನಾನೂ ಯಾರ ಕಾಲಿಗೂ ಬೀಳಬಾರದು.

ಈ ಸಲ ಹೊರಟಿದ್ದು ಅಜ್ಜಂಪುರಕ್ಕೆ, ಅಕ್ಕನ ಮನೆಗೆ. ಗಿರಿಜಕ್ಕ ನನಗಿಂತ ಐದು ವರ್ಷ ದೊಡ್ಡವಳು. ಬೆಲ್ಲ ಕದ್ದಿದ್ದಕ್ಕೆ ಪೊರಕೆಯಲ್ಲಿ ಹೊಡೆದಿದ್ದವಳು, ನನಗೆ ದೀಕ್ಷೆಯಾದ ದಿನ ಎಲ್ಲರ ಜೊತೆ ಸಾಲಿನಲ್ಲಿ ಬಂದು ನನ್ನ ಕಾಲಿಗೆ ಬಿದ್ದು "ಬುದ್ಧಿ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಅಂದಿನಿಂದ ಇಪ್ಪತ್ತೈದು ವರ್ಷ ಅವಳಿಗೆ ನಾನು ತಮ್ಮನಲ್ಲ, ಬುದ್ಧಿಯವರು. ಮಠ ಬಿಟ್ಟ ದಿನ ಕೊರಳಿನ ಲಿಂಗವನ್ನು ಅದನ್ನಿಟ್ಟಿದ್ದ ಬೆಳ್ಳಿಯ ಕರಡಿಗೆ ಸಮೇತ ಬಿಚ್ಚಿ ಅವಳ ಕೈಗಿಟ್ಟು ಬಂದೆ. ಆಮೇಲೆ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಕಳೆದ ವಾರ ಅವಳ ಸೊಸೆ ಲತಾ ಫೋನ್ ಮಾಡಿದ್ದಳು. "ಮಾವ, ಹಿತ್ತಲ ಕೆಂಡಸಂಪಿಗೆ ಒಣಗ್ತಾ ಐತೆ. ನೀವು ಗಿಡದ ಕೆಲಸದಲ್ಲಿ ಇದೀರಲ್ಲ, ಬಂದು ನೋಡ್ತೀರಾ?"

"ಅಕ್ಕ ಕೇಳು ಅಂದ್ಲಾ?"

"ಗಿಡದ ಮುಂದೆ ನಿಂತ್ಕೊಂಡು ಗಿಡಕ್ಕೆ ಹೇಳಿದ್ರು. ನನಗೆ ಕೇಳಿಸ್ಲಿ ಅಂತ."

ನನಗಿದ್ದ ಭಯ ಎರಡು. ಅಭ್ಯಾಸಬಲದಿಂದ ಅಕ್ಕ ಮತ್ತೆ ಕಾಲಿಗೆ ಬಿದ್ದರೆ ಏನು ಮಾಡುವುದು? ಅಥವಾ ಲಿಂಗವಿಲ್ಲದ ಭವಿ ಎಂದು ಜಗಲಿಯಲ್ಲೇ ಕೂರಿಸಿ ಊಟ ಹಾಕಿದರೆ? ಅವಳ ಮನೆಯಲ್ಲಿ ಲಿಂಗ ಕಟ್ಟಿಲ್ಲದವರನ್ನು ಪಂಕ್ತಿಗೆ ಕೂರಿಸುವುದಿಲ್ಲ. ನನಗೆ ಬೇಕಾಗಿದ್ದುದು ಇವೆರಡೂ ಅಲ್ಲ. ಆ ಪೊರಕೆಯ ಅಕ್ಕ ಬೇಕಾಗಿತ್ತು.

ಹಾಗಾಗಿ ನೇರವಾಗಿ ಹೋಗದೆ ಕಡೂರಿನಲ್ಲಿ ಇಳಿದೆ. ಜಿಂಕೆಗಳಿರುವ ಹುಲ್ಲುಗಾವಲು, ಇಲ್ಲಿನವರ ಕಾವಲು, ನೋಡಿಕೊಂಡು ಹೋಗೋಣ, ಅವಸರವೇನು ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ತಟ್ಟೆ ಇಡ್ಲಿ ತಿಂದು ಯಗಟಿ ಕಡೆಯ ಬಸ್ಸು ಹತ್ತಿದೆ. ಯುಗಾದಿಗೆ ಇನ್ನೂ ಎರಡು ವಾರವಿತ್ತು, ಬಿಸಿಲು ಮಾತ್ರ ಆಗಲೇ ಬಂದಾಗಿತ್ತು. ಹುಲ್ಲೆಲ್ಲ ಒಣಗಿ ಗೋಧಿ ಬಣ್ಣಕ್ಕೆ ತಿರುಗಿತ್ತು. ನೆಲಗುಬ್ಬಿಗಳು ಮೇಲಕ್ಕೆ ಏರುತ್ತಾ ಕೂಗಿ, ಅಲ್ಲಿಂದ ಕಲ್ಲು ಬಿದ್ದಂತೆ ಕೆಳಗಿಳಿಯುತ್ತಿದ್ದವು.

ಕಾವಲಿನ ಅಂಚಿನಲ್ಲಿ ಯಗಟಿಯ ಒಬ್ಬ ಕುರಿ ಕಾಯುವ ಮುದುಕ ಸಿಕ್ಕಿದ. ಜಿಂಕೆ ಎಲ್ಲಿವೆ ಎಂದು ಕೇಳಿದ್ದಕ್ಕೆ, "ಸುಮ್ನೆ ಒಂದ್ ಕಡೆ ಕೂತ್ಕಳಿ ಸ್ವಾಮಿ, ಅವೇ ಬತ್ತವೆ" ಎಂದ. ಸ್ವಾಮಿ ಎಂದಿದ್ದಕ್ಕೆ ಬೆಚ್ಚಿದೆ. ಆಮೇಲೆ ಎಲ್ಲರನ್ನೂ ಹಾಗೇ ಕರೆಯುತ್ತಾರಲ್ಲ ಎಂದು ನೆನಪಾಯಿತು. ಕೂರಲಾಗದೆ ಅತ್ತಿಂದಿತ್ತ ತಿರುಗಿದೆ. ಮುದುಕ ಬೀಡಿ ಹಚ್ಚಿಕೊಂಡು, "ನಿಮ್ಗೆ ಜಿಂಕೆ ನೋಡ್ಬೇಕೋ, ಜಿಂಕೆಗೆ ನಿಮ್ಮನ್ನ ತೋರಿಸ್ಬೇಕೋ?" ಎಂದು ಕೇಳಿದ. ನಕ್ಕು ಕೂತೆ.

ಕೊನೆಗೆ ಬಂದವು. ಮುಂದೆ ಕಂದು ಬಣ್ಣದ ಹೆಣ್ಣುಗಳು, ಹಿಂದೆ ತಿರುಚಿದ ಕೊಂಬಿನ ಕಪ್ಪು ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಆ ಎರಡು ಬಣ್ಣ ಸೇರುವ ಗೆರೆ ನನಗೆ ಚೆನ್ನಾಗಿ ಗೊತ್ತಿತ್ತು. ಮಠದಲ್ಲಿ ಹಳೇ ಕಾಲದ ಒಂದು ಕೃಷ್ಣಮೃಗದ ಚರ್ಮವಿತ್ತು. ಚಿಕ್ಕಂದಿನಿಂದ ಅದರ ಮೇಲೆ ಕೂತು ಪೂಜೆ ಮಾಡಿದ್ದೆ. ಮಂತ್ರದ ನಡುವೆ ಬೇಸರವಾದರೆ ಆ ಗೆರೆಯನ್ನು ಬೆರಳಿನಿಂದ ಸವರುತ್ತಿದ್ದೆ. ಅದೇ ಗೆರೆ ಈಗ ಓಡುತ್ತಿತ್ತು, ಹಾರುತ್ತಿತ್ತು, ನಿಂತು ನನ್ನ ಕಡೆ ನೋಡುತ್ತಿತ್ತು. ನನಗೆ ಖುಷಿಯಾಯಿತು, ಜೊತೆಗೆ ನಾಚಿಕೆಯೂ ಆಯಿತು. 

ಮಧ್ಯಾಹ್ನ ಬೀರೂರಿಗೆ ಬಂದೆ. ಅಜ್ಜಂಪುರದ ಬಸ್ಸು ಎದುರಿಗೇ ನಿಂತಿತ್ತು, ಅರ್ಧ ಖಾಲಿ. ಪಕ್ಕದಲ್ಲಿ ತರೀಕೆರೆಯ ಬಸ್ಸು ತುಂಬಿ ತುಳುಕುತ್ತಿತ್ತು. ನಾನು ತರೀಕೆರೆಯ ಬಸ್ಸು ಹತ್ತಿ, ನೇತುಬಿದ್ದು ಹೋದೆ. ಭದ್ರಾ ಹಿನ್ನೀರಿನಲ್ಲಿ ರೀವ ಹಕ್ಕಿಗಳು ಗೂಡು ಮಾಡುವ ಕಾಲ, ಅದನ್ನು ತಪ್ಪಿಸಿಕೊಳ್ಳಬಾರದು ಎಂಬುದು ನೆಪ.

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಖಾರ ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದಾಗ ಅಡಿಕೆ ವ್ಯಾಪಾರಿಯೊಬ್ಬರು ನನ್ನ ಮುಖವನ್ನೇ ನೋಡಿದರು. ನಾನು ತಿರುಗಿಕೊಳ್ಳುವಷ್ಟರಲ್ಲಿ ಅಷ್ಟು ಜನರ ನಡುವೆ ಚಪ್ಪಲಿ ಬಿಟ್ಟು ಬಗ್ಗಿಬಿಟ್ಟರು. ನಾನು ಹಿಂದಕ್ಕೆ ಹಾರಿದ ರಭಸಕ್ಕೆ ಮಂಡಕ್ಕಿ ಅರ್ಧ ಚೆಲ್ಲಿತು.

"ಬುದ್ಧಿ, ನಮ್ಮ ಮನೇಲಿ ತಮ್ಮ ಪಾದಪೂಜೆ ಆಗಿತ್ತು. ಮರ್ತ್ರಾ?"

"ನಾನೀಗ ಗಿಡ ಮಾರ್ತೀನಿ ಕಣ್ರೀ. ಅದೆಲ್ಲ ಬಿಟ್ಟೆ."

ಅವರು ಸ್ವಲ್ಪ ಯೋಚಿಸಿದರು. "ಆಗ್ಲಿ ಬಿಡಿ. ಹಂಗಾದ್ರೆ ತಮ್ಮ ಕೈಯಾರ ಒಂದು ಗಿಡ ಕೊಡಿ. ಮಗಳ ಮದುವೆ ಐತೆ, ಮನೆ ಮುಂದೆ ನೆಡ್ತೀನಿ."

ಬೆಕ್ಕು ಸನ್ಯಾಸಿಯಾದರೆ ಇಲಿಗಳು ನಂಬುವುದಿಲ್ಲವಂತೆ. ಸನ್ಯಾಸಿ ಸನ್ಯಾಸ ಬಿಟ್ಟರೆ ಭಕ್ತರೂ ನಂಬುವುದಿಲ್ಲ. ಮಂಡಕ್ಕಿಯ ದುಡ್ಡನ್ನೂ ಅವರೇ ಕೊಟ್ಟರು. ಇವರೇ ಹೀಗಾದರೆ ಅಕ್ಕ ಇನ್ನು ಹೇಗೋ! ಮರುದಿನ ಬೆಳಿಗ್ಗೆ ಲಕ್ಕವಳ್ಳಿಗೆ ಹೋಗಿ ಹಿನ್ನೀರಿನ ದಡದಲ್ಲಿ ನಿಂತೆ. ಹಳದಿ ಕೊಕ್ಕಿನ, ಕಪ್ಪು ಟೋಪಿಯ ರೀವಗಳು ದೂರದ ದಿಬ್ಬದ ಮೇಲೆ ಗಲಾಟೆ ಮಾಡುತ್ತಿದ್ದವು. ಅಲ್ಲಿ ಮರವಿಲ್ಲ, ನೆರಳಿಲ್ಲ, ಬರೀ ಕಲ್ಲು ಮಣ್ಣು. ಅದರಲ್ಲೇ ಮೊಟ್ಟೆ ಇಟ್ಟುಕೊಂಡು ಒಂದು ಏಳುತ್ತಿದ್ದಂತೆ ಇನ್ನೊಂದು ಕೂರುತ್ತಿತ್ತು. ಬೇರೆ ದಿನವಾಗಿದ್ದರೆ ಸಂಜೆವರೆಗೂ ನೋಡುತ್ತಿದ್ದೆ. ಅವತ್ತು ದುರ್ಬೀನು ಕಣ್ಣಿಗಿಟ್ಟರೂ ಮನಸ್ಸು ಅಜ್ಜಂಪುರದ ಹಿತ್ತಲಿನಲ್ಲಿತ್ತು. ಇನ್ನು ನೆಪ ಉಳಿದಿರಲಿಲ್ಲ. ತರೀಕೆರೆಗೆ ವಾಪಸು ಬಂದು ಅಜ್ಜಂಪುರದ ಬಸ್ಸು ಹತ್ತಿದೆ.

ಲತಾ ಬಾಗಿಲು ತೆರೆದಳು. ಅಕ್ಕ ಎದುರಿಗೆ ಬರಲಿಲ್ಲ, ಹಿತ್ತಲಿನಲ್ಲಿ ಗಿಡದ ಬಳಿ ಬೆನ್ನು ಮಾಡಿ ನಿಂತಿದ್ದಳು. ಕೂದಲು ನೆರೆತಿತ್ತು, ನಿಲ್ಲುವ ಗತ್ತು ಮಾತ್ರ ಹಾಗೇ ಇತ್ತು.

"ಲತಾ, ಹೇಳೇ. ತುದಿಯಿಂದ ಒಣಗ್ತಾ ಬಂದೈತೆ. ಹೋದ ವರ್ಷ ಹೂವು ಅರ್ಧಕ್ಕೆ ಇಳೀತು."

"ಲತಾ, ಕೇಳಮ್ಮ. ಗೊಬ್ಬರ ಏನು ಹಾಕಿದಾರೆ?" ಎಂದೆ ನಾನು.

"ಕೊಟ್ಟಿಗೆ ಗೊಬ್ಬರ ಅಂತ ಹೇಳೇ."

ಲತಾ ಪಾಪ, ಅತ್ತ ಇತ್ತ ಕತ್ತು ತಿರುಗಿಸಿ ಸುಸ್ತಾದಳು. ನಾನು ಗುದ್ದಲಿ ತೆಗೆದುಕೊಂಡು ಬುಡ ಬಿಡಿಸಿದೆ. ಮೇಲೆ ಒಣಗಿದ ಹೂವು, ಬಿಲ್ವಪತ್ರೆಯ ಹಾಸು. ಅದರ ಕೆಳಗೆ ಮಣ್ಣು ಕಪ್ಪಗೆ ಕೆಸರಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಬೆರಳಿಟ್ಟರೆ ಬುಡದ ತೊಗಟೆ ಕಳಚಿ ಬಂತು. ನೋಡಿದ ಕೂಡಲೇ ಗೊತ್ತಾಯಿತು. ಲಿಂಗಪೂಜೆಯ ನೀರನ್ನು ಯಾರೂ ತುಳಿಯಬಾರದು, ಹಾಗಾಗಿ ಗಿಡದ ಬುಡಕ್ಕೆ ಹುಯ್ಯುತ್ತಾರೆ. ಹಾಲು, ಮೊಸರು, ಸಕ್ಕರೆ, ಹೂವು ಎಲ್ಲ ಅದರ ಜೊತೆಗೇ ಹೋಗುತ್ತವೆ. ನಮ್ಮ ಕಡೆ ಎಲ್ಲ ಮನೆಯಲ್ಲೂ ಹೀಗೇ, ಆದರೆ ಒಬ್ಬರ ಪೂಜೆಯ ನೀರಿಗೆ ಯಾವ ಮರವೂ ಕೊಳೆಯುವುದಿಲ್ಲ.

"ದಿನಕ್ಕೆ ಎಷ್ಟು ನೀರು ಬೀಳುತ್ತೆ?"

"ಒಂದು ಚೊಂಬು ಅಂತ ಹೇಳೇ."

"ಎರಡು ಚೊಂಬು, ಮಾವ," ಎಂದಳು ಲತಾ ಮೆಲ್ಲಗೆ. "ಒಂದು ಅತ್ತೇದು. ಇನ್ನೊಂದು..." ಅಲ್ಲಿಗೆ ನಿಲ್ಲಿಸಿ ಅತ್ತೆಯ ಮುಖ ನೋಡಿದಳು.

ಅಕ್ಕ ನನ್ನ ಕಡೆ ತಿರುಗಿದಳು.

"ನಿಂದು," ಎಂದಳು. "ಕರಡಿಗೇನ ಕೈಗಿಟ್ಟು ಹೊಂಟೋದ್ಯಲ್ಲ. ಅದನ್ನ ಉಪವಾಸ ಇಡಕ್ಕಾಗ್ತದಾ? ನೀನೇ ಪೂಜೆ ಮಾಡ್ಕೊಂಡಿದ್ದಿದ್ರೆ ಈ ಗಿಡಕ್ಕೆ ಒಂದೇ ಪಾಲು ಬೀಳ್ತಿತ್ತು."

ನನಗೆ ಮೊದಲು ಬಂದಿದ್ದು ಸಿಟ್ಟು. ಯಾರು ಹೇಳಿದ್ದರು ಇವಳಿಗೆ? ಬಿಟ್ಟೆ ಬಿಟ್ಟೆ ಎಂದುಕೊಂಡು ನಾನು ಕಾಡು ಮೇಡು ಸುತ್ತುತ್ತಿದ್ದರೆ, ಇಲ್ಲಿ ನನ್ನ ಹೆಸರಿನಲ್ಲಿ ದಿನಾ ಪೂಜೆ ನಡೆಯುತ್ತಿತ್ತು. ಅವಳ ಕೈ ನೋಡಿದೆ. ದಿನ ಬೆಳಗಾದರೆ ಎರಡು ಸಲ ತಣ್ಣೀರು, ಎರಡು ಸಲ ವಿಭೂತಿ ಕಂಡ ಕೈ, ಬೆರಳ ಸಂದುಗಳು ಬಿಳುಚಿಕೊಂಡಿದ್ದವು.  ನನಗೆ ಅಳು ಬಂತು, ಬಂದದ್ದನ್ನು ಅವಳೂ ನೋಡಿದಳು.

"ಇನ್ಮೇಲೆ ನಿಲ್ಸು, ಅಕ್ಕ."

"ಗಿಡಕ್ಕೆ ಹುಯ್ಯೋದನ್ನೋ, ಪೂಜೇನೋ?"

"ಎರಡನ್ನೂ."

"ಗಿಡಕ್ಕೆ ನಿಲ್ಲಿಸ್ತೀನಿ," ಎಂದಳು. "ನಿನ್ನ ಕೆಲಸ ನೀನು ಬಿಟ್ಟೆ. ನನ್ನ ಕೆಲಸ ಬಿಡು ಅನ್ನಕ್ಕೆ ನೀನ್ಯಾರು?"

ನಾನು ಮತ್ತೆ ಗಿಡದ ಕಡೆ ತಿರುಗಿದೆ. ಕೊಳೆತ ತೊಗಟೆಯನ್ನು ಕೆರೆದು, ಮೈಲುತುತ್ತ ಸುಣ್ಣ ಕಲಸಿ ಬಳಿದು, ಬುಡಕ್ಕೆ ಗಾಳಿ ಬೆಳಕು ಬೀಳುವಂತೆ ಮಣ್ಣು ಸರಿಸಿದೆ. ಬೇರು ಪೂರ್ತಿ ಸತ್ತಿಲ್ಲ, ಮಳೆ ಹಿಡಿಯುವ ಮೊದಲು ಚಿಗುರಬಹುದು ಎಂದೆ. ನೀರಿಗೆ ಬೇರೆ ಜಾಗ ಬೇಕಾಗಿತ್ತು. ಬೇಲಿಯ ಪಕ್ಕ, ಯಾರೂ ತುಳಿಯದ ಕಡೆ, ಬಾಳೆಗುಂಪಿನ ಹತ್ತಿರ ಒಂದು ಗುಂಡಿ ತೋಡಿದೆ. ಬಾಳೆ ಎಷ್ಟು ಕೊಟ್ಟರೂ ಕುಡಿಯುತ್ತದೆ. ನನ್ನ ಹೆಸರಿನ ನೀರಿಗೆ ನಾನೇ ಗುಂಡಿ ತೋಡುತ್ತಿದ್ದೇನಲ್ಲ ಎಂದು ನಗು ಬಂತು. ಅಕ್ಕ ಪಕ್ಕದಲ್ಲಿ ನಿಂತು, "ಇನ್ನೊಂದು ಚೂರು ಆಳ ಹೋಗ್ಲಿ, ಊಟ ಮಾಡಿಲ್ವಾ?" ಎಂದು ಜರಿಯುತ್ತಿದ್ದಳು.

ಊಟಕ್ಕೆ ಮುದ್ದೆ, ಉಪ್ಸಾರು, ಹಸಿಮೆಣಸಿನಕಾಯಿ ಚಟ್ನಿ. ನಾನು ನನ್ನಷ್ಟಕ್ಕೆ ಜಗಲಿಯ ಕಡೆ ನಡೆದೆ. "ಎಲ್ಲಿಗೆ?" ಎಂದು ಅಕ್ಕ ಕರೆದಳು. ನನ್ನ ತಟ್ಟೆಯನ್ನು ಅಡುಗೆಮನೆ ಹೊಸ್ತಿಲಿನ ಈಚೆ ಇಟ್ಟು, ಅವಳು ಆಚೆ ಕೂತಳು. ಅಲ್ಲಿಯವರೆಗೆ ಅವಳು ನನ್ನ ಎದುರಿಗೆ ಒಂದು ತುತ್ತು ತಿಂದದ್ದನ್ನು ನಾನು ದೊಡ್ಡವನಾದ ಮೇಲೆ ಕಂಡಿರಲಿಲ್ಲ. ಬುದ್ಧಿಯವರ ಪ್ರಸಾದವಾದ ಮೇಲೇ ಭಕ್ತರ ಊಟ. ಹೊಸ್ತಿಲು ದಾಟಿ ಚಟ್ನಿ ಬಟ್ಟಲು ಎರಡು ಸಲ ಆಚೆ ಈಚೆ ಓಡಾಡಿತು. ಅದಕ್ಕಿಂತ ಹತ್ತಿರ ಅವಳಿಂದಾಗಲಿಲ್ಲ, ನಾನೂ ಕೇಳಲಿಲ್ಲ.

ಸಂಜೆಯ ಬಸ್ಸಿಗೆ ರಸ್ತೆ ತಿರುವಿನವರೆಗೆ ಬಂದಳು. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಒಳಗೆ ನಾಲ್ಕಾರು ಸಂಪಿಗೆ. ಬಸ್ಸು ದೂರದಲ್ಲಿ ಕಂಡಿತು. ಅಕ್ಕ ಪೊಟ್ಟಣವನ್ನು ನನಗೆ ಕೊಟ್ಟು ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಆ ಎಳೆತ ನನಗೆ ಗೊತ್ತು. ಅದರ ಹಿಂದೆಯೇ ಮೊಣಕಾಲು ಬಗ್ಗುತ್ತದೆ. ಬುದ್ಧಿಯವರನ್ನು ಬೀಳ್ಕೊಡುವ ಅಭ್ಯಾಸ ಅವಳ ಮೈಯಲ್ಲಿ ಉಳಿದಿತ್ತು. ತಡೆಯಲು ಸಮಯವಿರಲಿಲ್ಲ. ನಿಯಮವನ್ನೆಲ್ಲ ಮರೆತು, ಅವಳು ಬಗ್ಗುವ ಮೊದಲೇ ನಾನು ಅವಳ ಕಾಲಿಗೆ ಬಗ್ಗಿದೆ. ತಮ್ಮ ಅಕ್ಕನ ಕಾಲಿಗೆ ಬೀಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಮಾತ್ರ ಅದು ನನ್ನ ಒಂಬತ್ತನೇ ವಯಸ್ಸಿಗೆ ನಿಂತಿತ್ತು.

ನಾನು ಬಗ್ಗಿದೆ, ಅವಳೂ ಬಗ್ಗಿದಳು. ತಲೆಗೆ ತಲೆ ಡಿಕ್ಕಿ ಹೊಡೆಯಿತು.

ಇಬ್ಬರೂ ಹಣೆ ಹಿಡಿದುಕೊಂಡು ನಿಂತೆವು. ಬಸ್ಸು ಬಂದು ನಿಂತಿತು. ಕಂಡಕ್ಟರ್ "ಬೀರೂರು, ಬೀರೂರು" ಎಂದ. ನಾನು ಮೆಟ್ಟಿಲಿಗೆ ಕಾಲಿಟ್ಟಿದ್ದೆ, ಅಕ್ಕ ಹಿಂದಿನಿಂದ ಅಂಗಿ ಹಿಡಿದು ಎಳೆದಳು.

"ಲೇ ರುದ್ರ, ಇನ್ನೊಂದು ಕೊಡೋ. ಒಂದೇ ಡಿಕ್ಕಿ ಆದ್ರೆ ಕೊಂಬು ಬತ್ತದೆ."

ಬಸ್ಸಿನವರೆಲ್ಲ ನೋಡುತ್ತಿದ್ದರು. ನಾನು ತಲೆ ಬಗ್ಗಿಸಿದೆ. ಅವಳು ತನ್ನ ಹಣೆಯನ್ನು ನನ್ನ ಹಣೆಗೆ ಕುಟ್ಟಿ, "ಹ್ಞೂ, ಈಗ ಹೋಗು" ಎಂದಳು.

ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹಿಂದಿರುಗಿ ನೋಡಿದಾಗ ಅಕ್ಕ ಇನ್ನೂ ಹಣೆ ಉಜ್ಜಿಕೊಳ್ಳುತ್ತಾ ನಿಂತಿದ್ದಳು. ನಾನೂ ಉಜ್ಜಿಕೊಂಡೆ. ಬೀರೂರು ಬರುವವರೆಗೂ ಕೂತೇ ಇದ್ದೆ.