ತಾಯಕ್ಕನ ಹುಳದ ಮನೆ

ಕಂಪ್ಲಿಯ ಕಾಲುವೆ ದಂಡೆಯಲ್ಲಿ ಇನ್ನೂ ಮಬ್ಬುಗತ್ತಲು. ಭತ್ತದ ತಳಿಗಳನ್ನು ಪರೀಕ್ಷಿಸುವ ಖಾಸಗಿ ಕೇಂದ್ರವೊಂದರ ಹಿತ್ತಲಲ್ಲಿ, ಸೊಳ್ಳೆಪರದೆಯಂಥ ಬಲೆ ಕಟ್ಟಿದ ಕೋಣೆಯೊಳಗೆ ತಾಯಕ್ಕ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಭತ್ತದ ಪೈರಿನ ಕುಂಡ. ಬುಡ ತಟ್ಟಿದರೆ ಎಳ್ಳಿನಷ್ಟೇ ಗಾತ್ರದ ಕಂದು ಹುಳಗಳು ದಿಕ್ಕಾಪಾಲಾಗಿ ಜಿಗಿಯುತ್ತವೆ. "ಏಳ್ರಪಾ, ನಾಷ್ಟಾ ಬಂತು" ಎನ್ನುತ್ತಾ ಅವರು ಹೊಸ ಕುಂಡವನ್ನು ಒಳಗಿಡುತ್ತಾರೆ.

ಊರೆಲ್ಲ ಔಷಧಿ ಹೊಡೆದು ಕೊಲ್ಲುವ ಜಿಗಿಹುಳವನ್ನು ಸಾಕುವುದೇ ಇವರ ಕೆಲಸ. ಈ ಹುಳ ಬಿದ್ದರೆ ಗದ್ದೆ ಸುಟ್ಟಂತೆ ಒಣಗುತ್ತದೆ. ಯಾವ ತಳಿ ಇದನ್ನು ತಡೆದುಕೊಳ್ಳುತ್ತದೆ ಎಂದು ತಿಳಿಯಲು ಟ್ರೇಗಳಲ್ಲಿ ಸಸಿ ಬೆಳೆಸಿ, ಮೇಲೆ ಹುಳ ಬಿಡುತ್ತಾರೆ. ಮೊದಲು ನಾಲ್ಕೈದು ಹೆಂಗಸರು ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಸಸಿ ನೋಡಬೇಕಿತ್ತು. ಈಗ ಕಂಬಿಯ ಮೇಲೆ ಓಡುವ ಕ್ಯಾಮೆರಾ ಬಂದಿದೆ. ವಾರದ ಕೆಲಸ ಬೆಳಗಿನ ಚಹಾದ ಹೊತ್ತಿಗೆ ಮುಗಿಯುತ್ತದೆ. ಸಾವಿರಾರು ಸಸಿಗಳ ಫೋಟೋ ತೆಗೆದು, ಯಾವುದು ಹಸಿರು, ಯಾವುದು ಹಳದಿ ಎಂದು ಕಂಪ್ಯೂಟರೇ ಹೇಳಿಬಿಡುತ್ತದೆ.

"ನನ್ನ ನಡಾ ಬಚಾವಾತ್ರಿ. ಮೆಷಿನ್ನು ಬಂತು ಅಂದ್ರ ನಮ್ಮನ್ನ ಮನಿಗೆ ಕಳಸ್ತಾರ ಅಂತ ಅಂಜಿದ್ದೆ. ಹಂಗೇನೂ ಆಗಲಿಲ್ಲ. ಕ್ಯಾಮೆರಾ ನೋಡತದ ಖರೆ, ಹುಳ ಸಾಕಾಕ ಬರಂಗಿಲ್ಲಲ್ರಿ ಅದಕ್ಕ!"

ತಾಯಕ್ಕ ನಗುತ್ತಾರೆ. ಆದರೆ ಕ್ಯಾಮೆರಾ ಬಂದ ಮೇಲೆ, ಈ ಮುಂಗಾರಿನಲ್ಲಿ, ಮೊದಲ ಸಲ ಸಸಿಗಳನ್ನು ಅದರಡಿ ಇಟ್ಟ ದಿನ ಇವರ ಮುಖದಲ್ಲಿ ಈ ನಗು ಇರಲಿಲ್ಲವಂತೆ. ಹುಳ ಬಿಟ್ಟು ಒಂದು ರಾತ್ರಿಯಷ್ಟೇ ಆಗಿತ್ತು, ಅಷ್ಟರಲ್ಲೇ ಕಂಪ್ಯೂಟರು ಎಲ್ಲ ಟ್ರೇಗಳಲ್ಲೂ ಹಳದಿ ಚುಕ್ಕೆ ತೋರಿಸಿತು. ಕೇಂದ್ರದ ವಿಜ್ಞಾನಿ, ದೋಣಿಮಲೈ ಗಣಿಯ ಕ್ವಾರ್ಟರ್ಸ್‌ನಲ್ಲಿ ಬೆಳೆದ ಸೌಜನ್ಯ, ಬರೀ ಹುಳ ರಸ ಹೀರಿದರೆ ಇಷ್ಟು ಬೇಗ ಹಳದಿಯಾಗದು, ಹುಳಗಳೇ ಯಾವುದೋ ರೋಗ ಹೊತ್ತು ತಂದಿರಬೇಕು ಎಂದು ಹೆದರಿದರು. ರೋಗ ಕಾಲುವೆ ದಾಟಿ ರೈತರ ಗದ್ದೆಗೆ ಹೋದರೆ? ಟ್ರೇ, ಹುಳ ಎಲ್ಲ ಸುಟ್ಟು, ಕೋಣೆಗೆ ಬೀಗ ಹಾಕುವುದೆಂದು ತೀರ್ಮಾನವಾಯಿತು.

ವರ್ಷಗಟ್ಟಲೆ ಸಂತತಿ ಕೆಡದಂತೆ ಕಾಪಾಡಿದ ಹುಳಗಳು. ತಾಯಕ್ಕನಿಗೆ ಅನ್ನ ಇಳಿಯಲಿಲ್ಲ. "ನನ್ನ ಹುಳಕ್ಕ ರೋಗ ಬಂತಲ್ಲ, ನಾನೇ ಎಲ್ಲಿ ತಪ್ಪಿದೆ ಅಂತ ಭಾಳ ಅತ್ತೆ."

ಮರುದಿನ ಸುಡಲೆಂದು ಮೊದಲ ಟ್ರೇ ಎತ್ತಿಕೊಂಡು ಹೋಗುವಾಗ ಒದ್ದೆ ಕೈ ಎಲೆಗೆ ತಾಗಿತು. ಬೆರಳು ಹಳದಿಯಾಯಿತು. ಮೂಸಿ ನೋಡಿದರು. ಆಗ ನೆನಪಾಯಿತು: ಹುಳ ಬಿಡುವ ಮುನ್ನ ಸಸಿಗೆ ಅರಿಶಿನ ನೀರು ಚಿಮುಕಿಸಿದ್ದು ಇವರೇ! ತವರಲ್ಲಿ ನಾಟಿಗೆ ಮುಂಚೆ ಅವ್ವ ಮಾಡುತ್ತಿದ್ದ ಪೂಜೆ. ಇಲ್ಲಿಯೂ ಪ್ರತಿ ಸಲ ಮಾಡುತ್ತಾ ಬಂದಿದ್ದರು. ಕಣ್ಣಲ್ಲಿ ನೋಡುತ್ತಿದ್ದ ಹೆಂಗಸರಿಗೆ ಅದು ಗೊತ್ತಿದ್ದ ಸಂಗತಿ. ಕ್ಯಾಮೆರಾಕ್ಕೆ ಹೇಳುವವರು ಯಾರು?

"ಮೇಡಂ, ನಿಂದ್ರಿ, ಬೆಂಕಿ ಹಚ್ಚಬ್ಯಾಡ್ರಿ! ಇದು ರೋಗ ಅಲ್ರಿ, ನನ್ನ ಅರಿಶಿನ!" ಎಂದು ಕೂಗುತ್ತಾ ಓಡಿದರಂತೆ.

ಸೌಜನ್ಯ ತಾವೇ ಎಲೆಯೊಂದನ್ನು ನೀರು ಹಚ್ಚಿ ಒರೆಸಿ ನೋಡಿದರು. ಹಚ್ಚ ಹಸಿರು. ಟ್ರೇಗಳ ಸಸಿಗಳನ್ನೆಲ್ಲ ತೊಳೆದು ಮತ್ತೆ ಫೋಟೋ ತೆಗೆದರು. ಒಂದು ಚುಕ್ಕೆಯೂ ಇಲ್ಲ. "ನಾನು ಅಲ್ಲೇ ನೆಲದ ಮೇಲೆ ಕುಂತುಬಿಟ್ಟೆ. 'ಅಕ್ಕಾ, ಜೀವ ಹೋಗಿ ಬಂದಂಗಾತಲ್ರಿ' ಅಂದೆ. ಆಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು" ಎನ್ನುತ್ತಾರೆ ಸೌಜನ್ಯ.

ಪೂಜೆ ನಿಂತಿಲ್ಲ. ಸಸಿಯ ಬದಲು ಈಗ ಕ್ಯಾಮೆರಾ ಓಡುವ ಕಂಬಿಯ ಕಾಲಿಗೆ ಅರಿಶಿನ, ಕುಂಕುಮ. ಕ್ಯಾಮೆರಾದ ಕಣ್ಣು ತನ್ನ ಕಾಲನ್ನು ನೋಡುವುದಿಲ್ಲವಾದ್ದರಿಂದ ಯಾರ ತಕರಾರೂ ಇಲ್ಲ.

ಹೊತ್ತು ಏರಿದೆ. ರೈಸ್‌ಮಿಲ್ಲಿನ ಸದ್ದು ಶುರುವಾಗಿದೆ. ಸಾಲು ಟ್ರೇಗಳಲ್ಲಿ ಬಹಳಷ್ಟು ಸಸಿಗಳು ಒಣಗಿ ಬಿದ್ದಿವೆ; ಮೂಲೆಯ ಒಂದು ಸಾಲು ಮಾತ್ರ ಹಸಿರಾಗಿ ನಿಂತಿದೆ. ತಾಯಕ್ಕ ಅದನ್ನೇ ನೋಡುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದೆ.

"ನನ್ನ ಹುಳ ಸೋಲಬೇಕ್ರಿ" ಎಂದರು. "ಹೊಟ್ಟಿ ತುಂಬ ಹಾಕಿ ಬೆಳೆಸೀನಿ. ರೋಗಿಲ್ಲ, ರುಜಿನಿಲ್ಲ, ಮಸ್ತ್ ಅದಾವ. ಇಂಥವನ್ನ ಸೋಲಿಸಿದ ಭತ್ತ ಯಾರ ಗದ್ದ್ಯಾಗಾದ್ರೂ ನಿಂದ್ರತದ."