ನಾಲಿಗೆ ಕೆಳಗಿನ ಗುಳಿಗಿ

"ಶಿವು, ಔರಾದ್ ಬಸ್ ಬಂತು, ಏಳಪಾ."

ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ತಮ್ಮ ಶಿವು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದ. ಅಲುಗಾಡಿಸಿದರೂ ಬಾಯಿ ಬಿಡಲಿಲ್ಲ. ಬಗ್ಗಿ ಅವನ ತುಟಿ ನೋಡಿದೆ. ಹೋದ ವರ್ಷ ನೋವು ಕಳೆಯುವ ಇಂಜೆಕ್ಷನ್ನಿನ ಚಟದಿಂದ ತುಟಿ ನೀಲಿಯಾಗಿ ಇಲ್ಲೇ ಬಿದ್ದಿದ್ದ. ಆ ಚಟ ಬಿಡಿಸಲು ಬೀದರ್ ಡಾಕ್ಟರು ಕೊಡುವ ಗುಳಿಗಿಯಿಂದಲೇ ಈಗ ನನ್ನ ಜೊತೆ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಬರುತ್ತಾನೆ. ಅದನ್ನು ಹೆಂಗ ತಗೋತಾನೆ ಅಂತ ನಾನು ನೋಡಿರಲಿಲ್ಲ.

ಚಹಾ ಮಾರುವ ಹೆಂಗಸು, ಎಲ್ಲರೂ ಖಾಲಾ ಅನ್ನುವವರು, ನೀರಿನ ಲೋಟ ತಂದು, "ಅರೇ, ಬಾಯಿಗೆ ನೀರು ಹಾಕ್ರಿ ಭಾಯ್!" ಎಂದರು. ತುಟಿಗೆ ಹಿಡಿದೆ. ಶಿವು ಥಟ್ಟನೆ ಕಣ್ಣು ಬಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡ. ಬಾಯಿ ಮಾತ್ರ ಬಿಗಿದೇ ಇತ್ತು. ಬಸ್ ಹೋದ ಮೇಲೆ ಮಾತಾಡಿದ:

"ಗುಳಿಗಿ ನಾಲಿಗಿ ಕೆಳಗ ಕರಗಬೇಕಣ್ಣಾ. ನುಂಗಿದ್ರ ಕೆಲಸ ಮಾಡಂಗಿಲ್ಲ. ನೀ ನೀರು ಹಾಕಿದ್ರ ಸಂಜಿಗೆ ನಡುಕ ಬಂದು ಮತ್ತ ಸೂಜಿ ಹುಡುಕ್ತಿದ್ದೆ. ನೀರು ಹಾಕಿ ಕೊಲ್ತಿದ್ದಿ ನೋಡು!"

ಈಗ ದಿನಾ ಮುಂಜಾನೆ ಅವನು ಬಾಯಿ ಮುಚ್ಚಿ ಕೂತಾಗ ನಾನು ಎದುರಿಗೇ ಕೂಡುತ್ತೇನೆ. ಅವನ ಮೊದಲ ಮಾತು ಕಿವಿಗೆ ಬೀಳುವ ತನಕ ತುಟಿ ನೀಲಿಯಾಗಿಲ್ಲವಲ್ಲ ಎಂದು ನೋಡುತ್ತಲೇ ಇರುತ್ತೇನೆ.