ನಮ್ಮ ಶಾಸಕರು ಕೇಳಿದ ಬಸ್ಸು

ನಮ್ಮ ಶಾಸಕರ ಬಿಳಿ ಅಂಗಿಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು, ಒಳಗೆ ಹುರಿದ ಶೇಂಗಾ. ವಿಧಾನಸೌಧಕ್ಕೆ ಹೋದರೂ ಅಷ್ಟೇ, ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಹತ್ತಿರದ ನಮ್ಮ ಹಳ್ಳಿಗೆ ಬಂದರೂ ಅಷ್ಟೇ. ಮಾತಿಗೆ ಮೊದಲು ಒಂದು ಹಿಡಿ ಕೈಗಿಡುವರು. ಖುಷಿಯಾದರೆ ಕನ್ನಡ, ಸಿಟ್ಟು ಬಂದರೆ ತೆಲುಗು.

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನಮ್ಮೂರಿಗೆ ಬಸ್ಸಿರಲಿಲ್ಲ. "ಮೊಳಕಾಲ್ಮೂರು ಕಾಲೇಜಿಗೆ ಹಾರ್ಕೊಂಡು ಹೋಗ್ತೀಯಾ?" ಅಂದು ಅಪ್ಪ ಗಂಡು ನೋಡತೊಡಗಿದ. ನಾನು ಊಟ ಬಿಟ್ಟೆ. ಅವ್ವ ತಡೆಯಲಾರದೆ ಶಾಸಕರ ಮನೆಗೆ ಹೋಗಿ ಅತ್ತಳು.

"ಅಳಬ್ಯಾಡ ತಾಯಿ, ಬಸ್ ತರ್ತೀನಿ. ಅಲ್ಲಿಗಂಟ ಮದುವೆ ಮಾತು ಎತ್ತಬ್ಯಾಡ ಅಂತ ನಿನ್ನ ಗಂಡಗೆ ಹೇಳು" ಅಂದರಂತೆ.

ಆಗ ಸರ್ಕಾರದಲ್ಲಿ ನಾಯಕನನ್ನು ಬದಲಿಸುವ ಜಗ್ಗಾಟ. ಶಾಸಕರನ್ನೆಲ್ಲ ರೆಸಾರ್ಟಿನಲ್ಲಿಟ್ಟು ಹೊಸ ಬೀಗರಂತೆ ನೋಡಿಕೊಳ್ಳುತ್ತಿದ್ದರು. ಒಬ್ಬರಿಗೆ ಮಂತ್ರಿಗಿರಿ ಬೇಕು, ಇನ್ನೊಬ್ಬರಿಗೆ ನಿಗಮ ಬೇಕು. ಮುಖ್ಯಮಂತ್ರಿಯಾಗಲಿದ್ದವರು ನಮ್ಮವರನ್ನೂ ಏನು ಬೇಕೆಂದು ಕೇಳಿದರು. "ನಮ್ಮೂರಿಗೆ ಬಸ್ ಕೊಡ್ರಿ, ಸಾಕು" ಅಂದರಂತೆ ಇವರು.

ಬಸ್ಸು ಬಂತು! ಒಂದಲ್ಲ, ಎರಡು. ಅವ್ವ ಓಡಿಹೋಗಿ ತೆಂಗಿನಕಾಯಿ ಒಡೆದು ಆರತಿ ಎತ್ತಿದಳು. ಆಮೇಲೆ ನೋಡಿದರೆ ಮುಂದೆ ಪಕ್ಷದ ಬಾವುಟ. "ಬೇಗ ಜನ ಹತ್ಸ್ರಿ, ಚಳ್ಳಕೆರೆ ಸಮಾವೇಶಕ್ಕೆ ಹೊತ್ತಾಗ್ತೈತೆ" ಅಂದ ಡ್ರೈವರ್. ಶಾಸಕ ಬಸ್ಸು ಕೇಳಿದ ಅಂದರೆ ಜನ ಸೇರಿಸಲಿಕ್ಕೇ ಇರಬೇಕು ಅಂದುಕೊಂಡಿದ್ದರು ಪಕ್ಷದ ಪುಣ್ಯಾತ್ಮರು!

ಶಾಸಕರು ತೆಲುಗಿನಲ್ಲಿ ಚೆನ್ನಾಗಿ ಬೈದರು. ಬೈದು ಮುಗಿಸಿ, ಓದಬೇಕೆಂದಿದ್ದ ಹೆಣ್ಣುಮಕ್ಕಳನ್ನೂ ನಮ್ಮ ಅವ್ವಂದಿರನ್ನೂ ಅದೇ ಬಸ್ಸಿಗೆ ಹತ್ತಿಸಿದರು. ಸಮಾವೇಶದಲ್ಲಿ ನಮ್ಮನ್ನು ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ, ಹೊಸ ಮುಖ್ಯಮಂತ್ರಿಗಳ ಎದುರೇ ಮೈಕ್ ಹಿಡಿದರು.

"ಸ್ವಾಮಿ, ನಾನು ಕೇಳಿದ್ದು ಇವತ್ತಿನ ಬಸ್ಸಲ್ಲ, ದಿನಾ ಬರೋ ಬಸ್ಸು. ಹತ್ತೋರು ಇವ್ರು. ಇವರ ಮಖ ನೋಡಿ ನೀವೇ ಇಲ್ಲ ಅನ್ರಿ."

ಅಷ್ಟು ಜನರೆದುರು ಇಲ್ಲ ಅನ್ನುವುದು ಯಾರಿಂದಾದೀತು? ಕಾಲೇಜು ಶುರುವಾಗುವ ಹೊತ್ತಿಗೆ ಬಸ್ಸು ಬಂತು. ಅಪ್ಪನೇ ನನ್ನನ್ನು ಹತ್ತಿಸಿದ.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. "ಮಂತ್ರಿಗಿರಿ ಕೇಳೋದು ಬಿಟ್ಟು ಬಸ್ ಕೇಳಿದ ದಡ್ಡ" ಅಂತ ಊರವರೇ ಆಡಿಕೊಂಡರು. ನಾನು ಅವರ ಮನೆಗೇ ಹೋಗಿ ಊರವರನ್ನು ಬೈದೆ. ಅವರು ಮಾತ್ರ "ಹೋಗ್ಲಿ ಬಿಡವ್ವ, ಐದು ವರ್ಷಕ್ಕೆ ಒಂದು ಬಸ್ಸಾದ್ರೂ ತಂದ್ನಲ್ಲ" ಎಂದು ನಕ್ಕರು. ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ಹೋದ ವರ್ಷ ತೀರಿಕೊಂಡರು. ನಾನೀಗ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾನು ಉಣ್ಣುವ ಅನ್ನ ಅವರದು. ಅವರು ಸೋತಾಗ ನನಗಿನ್ನೂ ಮತದಾನದ ವಯಸ್ಸಾಗಿರಲಿಲ್ಲ. ಆಮೇಲೆ ಎಷ್ಟೋ ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡಿದ್ದೇನೆ. ಹಾಕಬೇಕಿದ್ದವರಿಗೆ ಮಾತ್ರ ಒಂದು ಓಟು ಹಾಕಲಾಗಲಿಲ್ಲ.